ಅಮಾನತ್ತಿನಲ್ಲಿಟ್ಟ ನಾಟಕ

ಮೊದಲ ಅಕ್ಷರಗಳನ್ನು ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡ ಶಾಲೆಗೆ ಬಂದವರಿಗೆ ಕೆಲವು ಪದಗಳು ಜೀವನವಿಡೀ ಕಾಡುತ್ತವೆ. ‘ಅಮಾನತ್’ ಅಂಥದ್ದೊಂದು. ಉರ್ದುವಿನಲ್ಲಿ ಅದು ಒಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟುಹೋದ ವಸ್ತು. ಅದು ನಮ್ಮದಲ್ಲ, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕು. ಕನ್ನಡದ ಸರಕಾರಿ ಕಾಗದಕ್ಕೆ ಬಂದಾಗ ಅದೇ ಪದ ನೌಕರನನ್ನು ಮನೆಗೆ ಕಳಿಸುವ ಆದೇಶವಾಗುತ್ತದೆ. ‘ಗುಮಾಸ್ತ ಅಮಾನತು’ ಎಂಬ ಸುದ್ದಿಯನ್ನು ಮೊದಲ ಸಲ ಓದಿದಾಗ, ಪಾಪ, ಅವನನ್ನು ಯಾರ ಬಳಿ ಜೋಪಾನಕ್ಕೆ ಇಟ್ಟರೋ ಎಂದು ನಾವು ಯೋಚಿಸಿದ್ದುಂಟು.

ಈ ಎರಡೂ ಅರ್ಥಗಳು ಒಟ್ಟಿಗೆ ನೆನಪಾದದ್ದು 2020ರ ಜುಲೈನಲ್ಲಿ. ಕೊರೋನಾದಿಂದಾಗಿ ಮನೆಯೊಳಗೇ ಕೂತಿದ್ದ ಆ ದಿನಗಳಲ್ಲಿ ಮಗಳ ಒತ್ತಾಯಕ್ಕೆ ನ್ಯೂಯಾರ್ಕಿನ ಒಂದು ನಾಟಕವನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆವು.

ನಾಟಕದ ಹೆಸರು ‘ಹ್ಯಾಮಿಲ್ಟನ್’. ಕೆರಿಬಿಯನ್ ದ್ವೀಪವೊಂದರಿಂದ ಬಂದ ಅನಾಥ ಹುಡುಗ ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿಯಾದ ಕಥೆ. ಲಿನ್ ಮ್ಯಾನ್ಯುಯೆಲ್ ಮಿರಾಂಡಾ ಅದನ್ನು ಹೆಚ್ಚಾಗಿ ರ್‍ಯಾಪ್ ಹಾಡುಗಳಲ್ಲಿ ಕಟ್ಟಿದ್ದಾರೆ. ವಾಷಿಂಗ್ಟನ್, ಜೆಫರ್ಸನ್‌ರಂಥ ಬಿಳಿಯ ಮಹನೀಯರ ಪಾತ್ರಗಳನ್ನು ಅದರಲ್ಲಿ ಕರಿಯ ಕಲಾವಿದರು ಮಾಡುತ್ತಾರೆ. ಆ ಮಹನೀಯರಿಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬುದನ್ನು ನೆನೆದರೆ ಈ ಪಾತ್ರ ಹಂಚಿಕೆಯ ಬಿಸಿ ಅರ್ಥವಾಗುತ್ತದೆ. ವಲಸಿಗರ, ಬಡವರ ಛಲವನ್ನು ಹಾಡುವ ನಾಟಕವಿದು.

ಆದರೆ ಅದನ್ನು ನೋಡಿದವರು ಯಾರು? 2015ರ ಆಗಸ್ಟ್‌ನಲ್ಲಿ ಬ್ರಾಡ್‌ವೇಗೆ ಬಂದ ಆ ರಂಗಮಂದಿರದಲ್ಲಿ ಇರುವುದು ಸುಮಾರು 1300 ಆಸನ. 2016ರಲ್ಲಿ ಒಳ್ಳೆಯ ಆಸನದ ಬೆಲೆಯನ್ನು 849 ಡಾಲರಿಗೆ ಏರಿಸಿದರು. ದಳ್ಳಾಳಿಗಳ ಕೈಯಲ್ಲಿ ಅದು ಸಾವಿರ ದಾಟುತ್ತಿತ್ತು. ಬಡವರಿಗಾಗಿ ಪ್ರತಿ ಪ್ರದರ್ಶನಕ್ಕೆ 46 ಟಿಕೆಟ್‌ಗಳನ್ನು 10 ಡಾಲರಿನಂತೆ ಲಾಟರಿ ಎತ್ತಿ ಕೊಡುವುದಾಗಿ ಹೇಳಿದರು. ಹತ್ತು ಡಾಲರಿನ ನೋಟಿನ ಮೇಲೆ ಇರುವುದೂ ಹ್ಯಾಮಿಲ್ಟನ್ನನ ಮುಖವೇ. ತಮಾಷೆ ಚೆನ್ನಾಗಿದೆ. ಆದರೆ ಲಾಟರಿ ಎಂಬುದು ನ್ಯಾಯವಲ್ಲ, ಅದೃಷ್ಟ.

ಅದೇ 2016ರ ಜೂನ್ ಕೊನೆಯಲ್ಲಿ, ಮೂಲ ಕಲಾವಿದರಲ್ಲಿ ಹಲವರು ತಂಡ ಬಿಡುವ ಮೊದಲು, ನಿರ್ದೇಶಕ ಥಾಮಸ್ ಕೇಲ್ ಇಡೀ ನಾಟಕವನ್ನು ಚಿತ್ರೀಕರಿಸಿದರು. ಪ್ರೇಕ್ಷಕರು ಕೂತಿದ್ದಾಗ ಒಂದಷ್ಟು ಭಾಗ ತೆಗೆದರು. ಪ್ರೇಕ್ಷಕರಿಲ್ಲದಾಗ ಕ್ಯಾಮೆರಾವನ್ನು ವೇದಿಕೆಯ ಮೇಲೇ ಹತ್ತಿಸಿ ಇನ್ನಷ್ಟು ತೆಗೆದರು. ಆ ಮೇಲೆ ಅದು ಪೆಟ್ಟಿಗೆ ಸೇರಿತು. 2020ರ ಫೆಬ್ರವರಿಯಲ್ಲಿ ಡಿಸ್ನಿ ಕಂಪನಿ ಸುಮಾರು 7.5 ಕೋಟಿ ಡಾಲರಿಗೆ ಅದನ್ನು ಕೊಂಡಿತೆಂದು ಪತ್ರಿಕೆಗಳು ಬರೆದವು. 2021ರ ಅಕ್ಟೋಬರಿನಲ್ಲಿ ಚಿತ್ರಮಂದಿರಕ್ಕೆ ಬಿಡುವ ಯೋಜನೆಯಿತ್ತು. ಅಷ್ಟರಲ್ಲಿ, 2020ರ ಮಾರ್ಚ್ 12ರಂದು ಬ್ರಾಡ್‌ವೇಯ ಬಾಗಿಲುಗಳೆಲ್ಲ ಮುಚ್ಚಿದವು. ಹಾಗಾಗಿ ಜುಲೈ 3ರಂದೇ ಅಂತರ್ಜಾಲದ ಮೂಲಕ ಮನೆಮನೆಗೆ ಬಂತು. ನಾಲ್ಕು ವರ್ಷ ಅದು ಅಮಾನತ್ತಿನಲ್ಲಿತ್ತು. ಯಾವ ಅರ್ಥದ ಅಮಾನತ್ತು ಎಂಬುದೇ ನಮ್ಮ ಪ್ರಶ್ನೆ.

ರಂಗಕರ್ಮಿ ಮಿತ್ರರೊಬ್ಬರ ಬಳಿ ಇದನ್ನು ಹೇಳಿದಾಗ ಅವರು ಸಿಟ್ಟಾದರು. “ನಾಟಕ ಇರುವುದೇ ಮುಗಿದುಹೋಗುವುದಕ್ಕೆ. ಹಿಡಿದಿಟ್ಟರೆ ಅದು ನಾಟಕವಲ್ಲ, ನಾಟಕದ ಉಪ್ಪಿನಕಾಯಿ” ಎಂದರು. ಮಾತು ಹಗುರವಾದದ್ದಲ್ಲ. ರಂಗದ ಮುಂದೆ ಕೂತವನಿಗೆ ಒಂದು ಹೊಣೆಯಿದೆ. ಅವನು ಕೆಮ್ಮಿದರೆ ನಟನಿಗೆ ಕೇಳುತ್ತದೆ, ಅವನು ಉಸಿರು ಬಿಗಿಹಿಡಿದರೂ ನಟನಿಗೆ ತಿಳಿಯುತ್ತದೆ. ಮನೆಯಲ್ಲಿ ನಾವು ಮಧ್ಯದಲ್ಲಿ ನಿಲ್ಲಿಸಿ ಚಹಾ ಮಾಡಿಕೊಂಡು ಬಂದೆವು. ವೇದಿಕೆಯಲ್ಲಿ ಒಬ್ಬ ತಂದೆ ಮಗನ ಸಾವಿಗೆ ಅಳುತ್ತಿದ್ದ. ಅವನನ್ನು ಹಾಗೆಯೇ ಬಾಯಿ ತೆರೆಸಿ ನಿಲ್ಲಿಸಿ ಹಾಲು ಉಕ್ಕುವುದನ್ನು ಕಾದೆವು. ಇದರಲ್ಲಿ ಅದಬ್ ಇಲ್ಲ ಎಂದು ನಮಗೂ ಅನ್ನಿಸಿತು.

ಪ್ರೇಕ್ಷಕರ ಈ ಪಾಲು ಸಣ್ಣದಲ್ಲ ಎಂಬುದಕ್ಕೆ ಮುಂದಿನ ವರ್ಷವೇ ಒಂದು ಸಾಕ್ಷಿ ದೊರೆಯಿತು. ರಾಜಕುಮಾರಿ ಡಯಾನಾಳ ಕುರಿತ ಸಂಗೀತ ನಾಟಕವೊಂದನ್ನು 2020ರಲ್ಲಿ ಖಾಲಿ ರಂಗಮಂದಿರದಲ್ಲಿ ಚಿತ್ರೀಕರಿಸಿ, 2021ರ ಅಕ್ಟೋಬರ್ 1ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಟ್ಟರು. ಬ್ರಾಡ್‌ವೇಯಲ್ಲಿ ಅದು ಅಧಿಕೃತವಾಗಿ ಆರಂಭವಾದದ್ದು ನವೆಂಬರಿನಲ್ಲಿ, ನಿಂತುಹೋದದ್ದು ಡಿಸೆಂಬರಿನಲ್ಲಿ. ನಾಟಕವೇ ದುರ್ಬಲವಾಗಿತ್ತೆಂದು ವಿಮರ್ಶಕರು ಬರೆದರು, ನಿಜ. ಆದರೂ ನಗಬೇಕಾದ ಕಡೆ ಯಾರೂ ನಗದೆ ಮುಂದೆ ಸಾಗುವ ಆ ಹಾಡುಗಳನ್ನು ಕೇಳಿದರೆ ಮದುವೆಗೆ ಅಡುಗೆ ಮಾಡಿ ಬೀಗರು ಬಾರದೆ ಹೋದ ಮನೆ ನೆನಪಾಗುತ್ತದೆ.

ಆದರೆ ಮಿತ್ರರ ವಾದದಲ್ಲಿ ಒಂದು ಬಿರುಕಿದೆ. ನಾಟಕ ಕ್ಷಣಿಕವಾದದ್ದರಿಂದಲೇ ಪವಿತ್ರ ಎಂದು ಹೇಳುವವರು ಸಾಮಾನ್ಯವಾಗಿ ಅದನ್ನು ನೋಡಿದವರು. ಲಖನೌದಲ್ಲಿ 1853ರ ಸುಮಾರಿಗೆ ಆಗಾ ಹಸನ್ ಎಂಬ ಕವಿ ‘ಇಂದರ್ ಸಭಾ’ ಬರೆದರು. ಅವರ ಕಾವ್ಯನಾಮವೂ ‘ಅಮಾನತ್’ ಎಂಬುದು ಕಾಕತಾಳೀಯ. ಹಾಡು ಕುಣಿತಗಳಿಂದ ತುಂಬಿದ ಆ ಉರ್ದು ನಾಟಕವನ್ನು ಪಾರ್ಸಿ ಕಂಪನಿಗಳು ದೇಶದುದ್ದಕ್ಕೂ ಆಡಿದವು. ಆ ಕಂಪನಿಗಳ ಪರದೆ, ಮಟ್ಟು, ವೈಭವವನ್ನು ನೋಡಿ ನಮ್ಮ ಕನ್ನಡದ ವೃತ್ತಿ ಕಂಪನಿಗಳೂ ಕಲಿತವು. 1932ರಲ್ಲಿ ಮದನ್ ಥಿಯೇಟರ್ಸ್ ‘ಇಂದ್ರಸಭಾ’ವನ್ನು ಸಿನಿಮಾ ಮಾಡಿದಾಗ ಅದರಲ್ಲಿ ಸುಮಾರು 70 ಹಾಡುಗಳಿದ್ದವು. ಆದರೆ ಅದಕ್ಕೂ ಮುಂಚಿನ ಎಂಟು ದಶಕ ಆ ನಾಟಕ ರಂಗದ ಮೇಲೆ ಹೇಗಿತ್ತು? ಪುಸ್ತಕ ಇದೆ, ದೃಶ್ಯವಿಲ್ಲ. ನಮ್ಮ ಅಜ್ಜ ತಾವು ಹುಡುಗನಾಗಿದ್ದಾಗ ಟೆಂಟಿನಲ್ಲಿ ಕಂಡ ಕಂಪನಿ ನಾಟಕದ ಹಾಡನ್ನು ಶುರು ಮಾಡಿ ಎರಡನೇ ಸಾಲಿಗೆ ನಿಲ್ಲಿಸುತ್ತಿದ್ದರು. “ಹೇಳಿದರೆ ತಿಳಿಯೋದಿಲ್ಲ ಬೇಟಾ, ನೋಡಬೇಕಿತ್ತು” ಎನ್ನುತ್ತಿದ್ದರು. ಆ ಮಾತಿನಲ್ಲಿ ಅವರಿಗಿದ್ದದ್ದು ಹೆಮ್ಮೆ, ನಮಗೆ ಉಳಿದದ್ದು ಹೊಟ್ಟೆಕಿಚ್ಚು.

ಅಮೆರಿಕದವರು ಈ ನಷ್ಟವನ್ನು ನಮಗಿಂತ ಮೊದಲೇ ಗುರುತಿಸಿದರು. ಬೆಟ್ಟಿ ಕಾರ್ವಿನ್ ಎಂಬ ಮಹಿಳೆಯ ಪ್ರಯತ್ನದಿಂದ 1970ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ರಂಗ ಪ್ರದರ್ಶನಗಳನ್ನು ಚಿತ್ರೀಕರಿಸಿ ಇಡಲು ಆರಂಭಿಸಿತು. ಸಾವಿರಾರು ಪ್ರದರ್ಶನಗಳು ಅಲ್ಲಿವೆ. ಆದರೆ ಕಲಾವಿದರ ಸಂಘಗಳೊಂದಿಗಿನ ಒಪ್ಪಂದದಂತೆ ಅವುಗಳನ್ನು ಸಂಶೋಧಕರು, ವಿದ್ಯಾರ್ಥಿಗಳು, ರಂಗಭೂಮಿಯವರು ಆ ಕಟ್ಟಡದೊಳಗೇ ಕೂತು ನೋಡಬೇಕು. ಈ ಷರತ್ತನ್ನು ನಾವು ಹಳಿಯಲಾರೆವು. ಪ್ರತಿ ರಾತ್ರಿ ಬೆವರು ಸುರಿಸಿ ಕೂಲಿ ಪಡೆಯುವ ನರ್ತಕಿಯನ್ನು ಒಂದೇ ರಾತ್ರಿ ಚಿತ್ರೀಕರಿಸಿ, ಮುಂದಿನ ಐವತ್ತು ವರ್ಷ ಅದನ್ನೇ ತೋರಿಸುತ್ತಾ ಹೋದರೆ ಅವಳಿಗೇನು ಸಿಗುತ್ತದೆ? ‘ಹ್ಯಾಮಿಲ್ಟನ್’ ತಂಡದವರೇ ನಾಟಕ ರೂಪುಗೊಳ್ಳುವಾಗ ತಾವು ಸುರಿಸಿದ ಶ್ರಮಕ್ಕೆ ಲಾಭದಲ್ಲಿ ಪಾಲು ಕೇಳಿ, 2016ರ ಏಪ್ರಿಲ್‌ನಲ್ಲಿ ನಿರ್ಮಾಪಕರನ್ನು ಒಪ್ಪಿಸಿದರು. ಕೇಳದೆ ಯಾರೂ ಕೊಡುವುದಿಲ್ಲ, ಬ್ರಾಡ್‌ವೇಯಲ್ಲೂ.

ಈ ಬೀಗಗಳ ನಡುವೆ ಕಳ್ಳದಾರಿಯೂ ಹುಟ್ಟಿಕೊಂಡಿದೆ. ಕೋಟಿನೊಳಗೆ ಅಡಗಿಸಿದ ಫೋನಿನಿಂದ ಅಲುಗಾಡುವ ಚಿತ್ರ ತೆಗೆದು ಹಂಚುವವರು ಬಹಳ. 2009ರಲ್ಲಿ ‘ಜಿಪ್ಸಿ’ ನಾಟಕದ ನಟಿ ಪ್ಯಾಟಿ ಲುಪೋನ್ ಹಾಡನ್ನೇ ನಿಲ್ಲಿಸಿ, ಫೋಟೋ ತೆಗೆಯುತ್ತಿದ್ದವರನ್ನು ಎಲ್ಲರೆದುರು ಗದರಿದ್ದು ಪ್ರಸಿದ್ಧ. ನಾವು ಆಕೆಯ ಪಕ್ಷ. ನಟಿಗೆ ತಿಳಿಯದಂತೆ ಅವಳ ಮುಖವನ್ನು ಒಯ್ಯುವುದು ಕಳವೇ. ಆದರೆ ಕಳವನ್ನು ಖಂಡಿಸುವ ನಿರ್ಮಾಪಕ ತನ್ನ ಪೆಟ್ಟಿಗೆಯಲ್ಲಿ ಒಳ್ಳೆಯ ಪ್ರತಿಯನ್ನು ಇಟ್ಟುಕೊಂಡು ಹಸಿದವರಿಗೆ ನೀತಿ ಹೇಳುತ್ತಿದ್ದರೆ, ಆ ನೀತಿಗೆ ತೂಕ ಬರುವುದು ಕಷ್ಟ.

ನಮ್ಮ ಅಭಿಪ್ರಾಯ ಇಷ್ಟು: ಚಿತ್ರೀಕರಿಸುವುದು ದ್ರೋಹವಲ್ಲ. ಚಿತ್ರೀಕರಿಸಿದ ಕ್ಷಣದಿಂದ ಅದು ನಿರ್ಮಾಪಕನ ಬಳಿ ಇರುವ ಅಮಾನತ್ತು. ಆಡಿದವರ ಪಾಲು ಸಂದ ಮೇಲೆ, ಬರಲಾಗದವರಿಗೆ ಅದನ್ನು ತಲುಪಿಸಬೇಕು. ಪರದೆಯಲ್ಲಿ ನೋಡಿದ ಮೇಲೆ ರಂಗಕ್ಕೆ ಯಾರು ಬರುತ್ತಾರೆ ಎಂಬುದು ಹಳೆಯ ಭಯ. ‘ಹ್ಯಾಮಿಲ್ಟನ್’ 2021ರ ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯಿತು, 2025ರ ಆಗಸ್ಟ್‌ನಲ್ಲಿ ಬ್ರಾಡ್‌ವೇಯಲ್ಲಿ 10 ವರ್ಷ ಪೂರೈಸಿತು. ಅದೇ ಹಳೆಯ ಚಿತ್ರೀಕರಣ ಮರುತಿಂಗಳು ಚಿತ್ರಮಂದಿರಗಳಿಗೂ ಬಂತು. ಮನೆಯಲ್ಲಿ ನೋಡಿದವರೂ ಟಿಕೆಟ್ ಕೊಂಡು ಹೋದರು.

ಇದ್ದ ಹಾಗೆಯೇ ಹಿಂದಿರುಗಿಸಿದರೇ ಎಂದು ಕೇಳಿದರೆ, ಪೂರ್ತಿಯಲ್ಲ. ಮಕ್ಕಳೂ ನೋಡುವಂತಾಗಲೆಂದು ನಾಟಕದ ಮೂರು ಬೈಗುಳಗಳಲ್ಲಿ ಎರಡನ್ನು ಮುಚ್ಚಿದರು. ಮಿರಾಂಡಾ ಅದನ್ನು ಮೊದಲೇ ಹೇಳಿಬಿಟ್ಟರು. ಬೇರೆ ಕಡೆ ಕ್ಯಾಮೆರಾ ಕೊಡಬೇಕಾದ್ದಕ್ಕಿಂತ ಹೆಚ್ಚನ್ನೇ ಕೊಟ್ಟಿತು. ಮೂರನೇ ಜಾರ್ಜ್ ದೊರೆಯಾಗಿ ಜೊನಾಥನ್ ಗ್ರಾಫ್ ಹಾಡುವಾಗ ಉಗುಳು ಹಾರಿ ಗಲ್ಲದ ಮೇಲೆ ಇಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. 849 ಡಾಲರ್ ಕೊಟ್ಟವರಿಗೂ ಅದು ಕಂಡಿರಲಾರದು. ಇನ್ನೊಂದು ಲಾಭ ನಮ್ಮಂಥವರದು. ಆ ನಾಟಕದಲ್ಲಿ 20 ಸಾವಿರಕ್ಕೂ ಹೆಚ್ಚು ಪದಗಳಿವೆ, ಬಿರುಗಾಳಿಯಂತೆ ಹೋಗುತ್ತವೆ. ಉರ್ದು, ಕನ್ನಡ ಶಾಲೆಗಳಲ್ಲಿ ಓದಿ ಇಂಗ್ಲಿಷನ್ನು ಕೊನೆಯಲ್ಲಿ ಕಲಿತ ನಾವು ಆ ರಂಗಮಂದಿರದಲ್ಲೇ ಕೂತಿದ್ದರೂ ಕಾಲುಪಾಲು ಹಿಡಿಯುತ್ತಿರಲಿಲ್ಲ. ಪರದೆಯ ಕೆಳಗೆ ಸಾಲುಗಳು ಬರುತ್ತಿದ್ದವು. ಕಿವಿ ಕೇಳದವರಿಗೂ ಅದೇ ಸಾಲುಗಳು.

ಮಗಳು ಅದನ್ನು ಮತ್ತೆ ಮತ್ತೆ ನೋಡಿದಳು. ಮೂರನೆಯ ಸಲ ಅವಳಿಗೆ ಹಾಡುವವರು ಬೇಡವಾಗಿದ್ದರು. ಹಿಂದೆ ಕುಣಿಯುವವರಲ್ಲಿ ಅರಿಯಾನಾ ಡಿಬೋಸ್ ಎಂಬ ನರ್ತಕಿ ಗುಂಡಿನ ಪಾತ್ರವಂತೆ. ಅವಳು ಯಾರ ಹತ್ತಿರ ಸುಳಿಯುತ್ತಾಳೋ ಅವರಿಗೆ ಸಾವು ಹತ್ತಿರವಂತೆ. ಮುಂದೆ 2022ರಲ್ಲಿ ಬೇರೊಂದು ಚಿತ್ರಕ್ಕಾಗಿ ಆಸ್ಕರ್ ಪಡೆದವಳು ಅವಳೇ. ಕೊನೆಯಲ್ಲಿ ಗುಂಡು ಹೊರಟಾಗ ಕ್ಯಾಮೆರಾ ಅವಳನ್ನು ತೋರಿಸುತ್ತದೆ. ಅದಕ್ಕೂ ಮುಂಚೆ ಎಲ್ಲೆಲ್ಲಿ ಇದ್ದಳು ಎಂಬುದನ್ನು ಮಗಳು ಹುಡುಕುತ್ತಿದ್ದಳು. ಕ್ಯಾಮೆರಾ ಮಾತ್ರ ಹಾಡುವವನ ಮುಖವನ್ನು ಬಿಟ್ಟು ಕದಲಲಿಲ್ಲ. ಅವಳು ಚಿತ್ರವನ್ನು ನಿಲ್ಲಿಸಿ, ಪರದೆಯ ಹತ್ತಿರಕ್ಕೆ ಬಗ್ಗಿ, “ಅಬ್ಬಾ, ಇಲ್ಲಿ ನೋಡಿ” ಎಂದಳು. ಚೌಕಟ್ಟಿನ ಎಡ ಅಂಚಿನಲ್ಲಿ ಒಂದು ಕೈ ಮಾತ್ರ ಇತ್ತು.