ಸ್ವಲ್ಪ ಕಂಡವನಿಗೆ ಪೂರ್ತಿ ದರ್ಶನ



ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಒಬ್ಬ ಹುಟ್ಟುಕುರುಡ ಬರುತ್ತಾನೆ. ಯೇಸುಸ್ವಾಮಿ ಉಗುಳಿನಿಂದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಜೆರುಸಲೇಮಿನ ಸಿಲೋವಾಂ ಕೊಳದಲ್ಲಿ ತೊಳೆದುಕೊಳ್ಳಲು ಕಳಿಸಿದರು. ತೊಳೆದ, ಕಣ್ಣು ಬಂತು. ಆದರೆ ಕಣ್ಣು ಕೊಟ್ಟವರ ಮುಖವನ್ನು ಅವನಿನ್ನೂ ನೋಡಿರಲಿಲ್ಲ!

ನೆರೆಹೊರೆಯವರು ಕೇಳಿದಾಗ ಅವನಿಗೆ ಗೊತ್ತಿದ್ದುದು ಯೇಸು ಎಂಬ ಹೆಸರು ಮಾತ್ರ. ಫರಿಸಾಯರು ವಿಚಾರಿಸಿದಾಗ ಪ್ರವಾದಿ ಎಂದ. ಹೆತ್ತವರು ಬಹಿಷ್ಕಾರಕ್ಕೆ ಹೆದರಿ ಜಾರಿಕೊಂಡರು. ಅವನು ಜಾರಿಕೊಳ್ಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ. ಕುರುಡನಾಗಿದ್ದ ತನಗೆ ಈಗ ಕಾಣುತ್ತಿದೆ ಎಂಬ ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಗುಣಪಡಿಸಿದವರು ದೇವರಿಂದಲೇ ಬಂದವರು ಎಂದು ವಾದಿಸಿದ. ಅವನನ್ನು ಹೊರಗೆ ದಬ್ಬಿದರು.

ಆಗ ಯೇಸುಸ್ವಾಮಿಯೇ ಅವನನ್ನು ಕಂಡು ಮಾತಾಡಿಸಿದರು. ಅಂದು ಅವನು ಅವರ ಮುಖ ನೋಡಿ, ಪ್ರಭುವೆಂದು ವಿಶ್ವಾಸಿಸಿ, ಅಡ್ಡಬಿದ್ದ.

ಈ ಬೆಟ್ಟ ಹತ್ತಿದವರಲ್ಲಿ ಕೆಲವರು ಕಾಯಿಲೆ ವಾಸಿಯಾಗಲೆಂದು, ಕೆಲವರು ಹರಕೆ ತೀರಿಸಲೆಂದು ಬಂದಿರಬಹುದು. ಯೇಸುವಿನ ಬಗ್ಗೆ ನಮಗೆ ಗೊತ್ತಿರೋದು ಇಷ್ಟೇ ಅಲ್ಲವೇ ಎಂದು ಕುಗ್ಗಬೇಡಿ. ಆ ಇಷ್ಟನ್ನೇ ಕಷ್ಟ ಬಂದಾಗ ಕೈಬಿಡಬೇಡಿ. ಮಿಕ್ಕಿದ್ದನ್ನು ತೋರಿಸಲು ಅವರೇ ನಿಮ್ಮ ಹತ್ತಿರ ಬರುತ್ತಾರೆ. ಆಮೆನ್.