ಅರ್ಜಿ ತುಂಬುವವನ ಅಮಾನತ್ತು



ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ, ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ವಿಭಾಗ ಮುಂತಾದ ಕಡೆ ಕೆಲಸ ಸಿಗಬೇಕೆಂದು ಹಂಬಲಿಸುವ ಯುವಕ ಯುವತಿಯರು ಇಂದು ನಮ್ಮ ನಡುವೆಯೂ ಇದ್ದಾರೆ. ಹಸಿದವರಿಗೆ ಅನ್ನ, ಮಕ್ಕಳಿಗೆ ಲಸಿಕೆ, ಮನೆ ಕಳೆದುಕೊಂಡವರಿಗೆ ನೆರಳು ಒದಗಿಸುವ ಕೆಲಸ ಅದು. ಹಂಬಲ ಕೆಟ್ಟದ್ದಲ್ಲ. ಆದರೆ ಅರ್ಜಿ ತುಂಬಲು ಕುಳಿತಾಗ ದೇವಭಯವುಳ್ಳವನಿಗೆ ಒಂದು ತೊಡಕು ಎದುರಾಗುತ್ತದೆ. ತನ್ನನ್ನು ತಾನೇ ಹೊಗಳಿಕೊಂಡು ಹುದ್ದೆ ಕೇಳಬಹುದೇ?

ಹ. ಅಬೂ ಮೂಸಾ(ರ) ವರದಿ ಮಾಡಿರುವ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಅವರ ಜೊತೆ ಬಂದ ಇಬ್ಬರು ತಮಗೆ ಅಧಿಕಾರ ಕೊಡಬೇಕೆಂದು ಪ್ರವಾದಿವರ್ಯರಲ್ಲಿ(ಸ) ಕೇಳಿಕೊಂಡರು. ಕೇಳಿದವರಿಗೆ, ಅದಕ್ಕಾಗಿ ಆಸೆಪಡುವವರಿಗೆ ಕೊಡುವುದಿಲ್ಲವೆಂದು ಪ್ರವಾದಿ(ಸ) ಹೇಳಿಬಿಟ್ಟರು. ಕೇಳದೆ ಸುಮ್ಮನಿದ್ದ ಅಬೂ ಮೂಸಾರನ್ನು(ರ) ಯಮನ್‌ಗೆ ಕಳುಹಿಸಿದರು. ಇನ್ನೊಂದೆಡೆ ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ನೋಡಿರಿ. ಸೆರೆಮನೆಯಿಂದ ಹೊರಬಂದ ಪ್ರವಾದಿ ಯೂಸುಫ್(ಅ) ನಾಡಿನ ಭಂಡಾರಗಳನ್ನು ತನಗೆ ವಹಿಸಿಕೊಡಬೇಕೆಂದು ರಾಜನಲ್ಲಿ ತಾವಾಗಿ ಕೇಳುತ್ತಾರೆ. ತಾನು ಕಾಯಬಲ್ಲವನು, ಬಲ್ಲವನು ಎಂದು ತಮ್ಮ ಅರ್ಹತೆಯನ್ನೂ ಹೇಳಿಕೊಳ್ಳುತ್ತಾರೆ.

ಇವೆರಡರ ನಡುವೆ ವಿರೋಧವಿದೆಯೆಂದು ಮೇಲ್ನೋಟಕ್ಕೆ ಅನಿಸಬಹುದು. ಸ್ವಲ್ಪ ನಿಂತು ಯೋಚಿಸಿರಿ. ಏಳು ವರ್ಷಗಳ ಸಮೃದ್ಧಿ, ಅದರ ಹಿಂದೆಯೇ ಏಳು ವರ್ಷಗಳ ಬರ ಬರಲಿದೆಯೆಂಬುದು ಯೂಸುಫರಿಗೆ(ಅ) ಗೊತ್ತಿತ್ತು. ಧಾನ್ಯವನ್ನು ತೆನೆಯಲ್ಲೇ ಇಟ್ಟು ಕಾಪಾಡುವ ಉಪಾಯವನ್ನು ಸೆರೆಮನೆಯಿಂದಲೇ ತಿಳಿಸಿದ್ದವರೂ ಅವರೇ. ಅವರು ಸಿಂಹಾಸನ ಕೇಳಲಿಲ್ಲ, ಉಗ್ರಾಣ ಕೇಳಿದರು. ಬಾಯಿ ಮುಚ್ಚಿಕೊಂಡಿದ್ದರೆ ಹಸಿಯುತ್ತಿದ್ದುದು ಜನರ ಹೊಟ್ಟೆ. ಆ ಇಬ್ಬರು ಕೇಳಿದ್ದು ಯಾವ ಹೊರೆಯನ್ನು ಹೊರಲಿಕ್ಕೆಂದು ವರದಿಯಲ್ಲಿಲ್ಲ, ಅಧಿಕಾರ ಬೇಕೆಂಬುದಷ್ಟೇ ಇದೆ. ಹಾಗಾಗಿ ಹುದ್ದೆಯ ಮೇಲಿನ ಆಸೆಗೂ ಕೆಲಸಕ್ಕೆ ಬೇಕಾದ ಅರ್ಹತೆಯನ್ನು ಪರೀಕ್ಷೆಗೆ ಒಡ್ಡುವುದಕ್ಕೂ ಅಂತರವಿದೆ ಎಂದೇ ನಾನು ತಿಳಿಯುತ್ತೇನೆ. ಮದ್‌ಯನ್‌ನಲ್ಲಿ ಪ್ರವಾದಿ ಮೂಸಾರನ್ನು(ಅ) ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸೂಚಿಸಿದ ಆ ಹೆಣ್ಣುಮಗಳು ಕೂಡ ಎರಡೇ ಗುಣ ನೋಡಿದ್ದಳು, ಬಲ ಮತ್ತು ವಿಶ್ವಾಸಾರ್ಹತೆ. ವಿಶ್ವಸಂಸ್ಥೆಯ 1945ರ ಸನ್ನದಿನ 101ನೇ ವಿಧಿಯೂ ನೌಕರರ ನೇಮಕದಲ್ಲಿ ದಕ್ಷತೆ, ಸಾಮರ್ಥ್ಯ, ಪ್ರಾಮಾಣಿಕತೆಗಳಿಗೇ ಮೊದಲ ಸ್ಥಾನ ಕೊಟ್ಟಿದೆ. ಸಾಧ್ಯವಾದಷ್ಟು ಎಲ್ಲ ಭಾಗದ ಜನರನ್ನೂ ತೆಗೆದುಕೊಳ್ಳಬೇಕೆಂಬುದು ಅದರ ನಂತರದ ಮಾತು.

ಇನ್ನು ಸಂದರ್ಶನದ ವಿಷಯ. ಈ ಸಂಸ್ಥೆಗಳಲ್ಲಿ ಕೇಳುವ ಪ್ರಶ್ನೆಗಳ ಬಗೆಯೇ ಬೇರೆ. ನೀವು ಏನು ಮಾಡುವಿರಿ ಎಂದು ಕೇಳುವುದಕ್ಕಿಂತ, ಇಂತಹ ಕಷ್ಟ ಬಂದಾಗ ನೀವು ಏನು ಮಾಡಿದಿರಿ, ಫಲವೇನಾಯಿತು ಎಂದು ಕೇಳುತ್ತಾರೆ. ನಮ್ಮ ಹುಡುಗರು ಇಲ್ಲಿ ಎಡವುತ್ತಾರೆ. 'ನಾನು' ಎನ್ನುವುದು ಅಹಂಕಾರವೆಂದು ಚಿಕ್ಕಂದಿನಿಂದ ಕಲಿಸಿದ್ದೇವೆ. ಆದ್ದರಿಂದ ಎಲ್ಲಕ್ಕೂ 'ಮಾಡಿದೆವು' ಎನ್ನುತ್ತಾರೆ. ಕೇಳುವವರಿಗೆ ಇವನು ಮಾಡಿದ್ದೇನೆಂದು ತಿಳಿಯುವುದಿಲ್ಲ. ಇದಕ್ಕೆ ಮದ್ದೆಂದು ತರಬೇತಿ ಕೊಡುವವರು ಹೇಳಿಕೊಡುವುದು ಎಲ್ಲಕ್ಕೂ 'ಮಾಡಿದೆ' ಎನ್ನಲು. ನಮ್ಮ ಭಾಷೆಯಲ್ಲಿ ಸರ್ವನಾಮ ಬಿಟ್ಟರೂ ಕ್ರಿಯಾಪದದ ಕೊನೆಯೇ ಸಾಕ್ಷಿ ನುಡಿಯುತ್ತದೆ. ಪ್ರವಾಹದ ಸಮಯ ಹತ್ತು ಮಂದಿ ಸೇರಿ ಅಕ್ಕಿ ಹಂಚಿದ್ದನ್ನು 'ಹಂಚಿದೆ' ಎಂದರೆ ಒಂಬತ್ತು ಮಂದಿಯ ಬೆವರನ್ನು ಕದ್ದಂತಾಯಿತು. ಪಟ್ಟಿ ಬರೆದದ್ದು ತಾನೊಬ್ಬನೇ ಆಗಿದ್ದೂ 'ಬರೆದೆವು' ಎಂದರೆ ಅದು ವಿನಯವೇನೋ ಸರಿ, ಆದರೆ ನಿಜವಲ್ಲ. ತಪ್ಪಾದಾಗ ಮಾತ್ರ 'ನಾವು' ಎಂದು ಗುಂಪಿನಲ್ಲಿ ಅಡಗುವವರನ್ನೂ ನೋಡಿದ್ದೇವೆ! ತನ್ನನ್ನು ಪರಿಶುದ್ಧನೆಂದು ಸಾರಿಕೊಳ್ಳಬಾರದೆಂದು ಕುರ್‌ಆನ್ ಹೇಳಿದೆ ನಿಜ. ಒಬ್ಬನೇ ಬರೆದ ಪಟ್ಟಿಯನ್ನು 'ನಾನು ಬರೆದೆ' ಎನ್ನುವುದು ಆ ಸಾರಿಕೊಳ್ಳುವಿಕೆಯಲ್ಲ.

ಅರ್ಜಿಯಲ್ಲಿ ಭಾಷೆಗಳ ಒಂದು ಭಾಗವಿರುತ್ತದೆ. ಓದುವುದು, ಬರೆಯುವುದು, ಮಾತನಾಡುವುದು, ಅರ್ಥಮಾಡಿಕೊಳ್ಳುವುದು ಎಂದು ಪ್ರತ್ಯೇಕವಾಗಿ ತುಂಬಬೇಕು. ಅರಬಿ ಭಾಷೆ 1973ರಿಂದ ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳಲ್ಲೊಂದು. ಮದ್ರಸದಲ್ಲಿ ಓದಿದ ನಮಗೆ ಇಲ್ಲಿ ಆಸೆ ಹುಟ್ಟುವುದು ಸಹಜ. ಫಿಕ್‌ಹ್‌ನ ಗ್ರಂಥಗಳನ್ನು ವರ್ಷಗಟ್ಟಲೆ ಓದಿದವರು ನಾವು. ಆದರೆ ಗ್ರಂಥದ ಅರಬಿಯೇ ಬೇರೆ, ಸನ್‌ಆದ ಪೇಟೆಯಲ್ಲಿ ಕೇಳಿಬರುವ ಅರಬಿಯೇ ಬೇರೆ. ನಾಲ್ಕೂ ಕಡೆ 'ಸರಾಗ' ಎಂದು ಬರೆದು ಒಬ್ಬನಿಗೆ ಕೆಲಸ ಸಿಕ್ಕಿತೆಂದುಕೊಳ್ಳಿ. ಯಮನಿನ ಒಂದು ಶಿಬಿರದಲ್ಲಿ ತಾಯಿಯೊಬ್ಬಳು ಬಂದು, ಮಗು ಎರಡು ದಿನದಿಂದ ಹಾಲು ಕುಡಿದಿಲ್ಲ, ಮೈ ಸುಡುತ್ತಿದೆ ಎಂದು ತನ್ನ ಊರಿನ ಆಡುಮಾತಿನಲ್ಲಿ ಹೇಳುತ್ತಾಳೆ. ಇವನು ತಲೆಯಾಡಿಸಿ ಏನೋ ಬರೆದುಕೊಳ್ಳುತ್ತಾನೆ. ಅರ್ಜಿಯಲ್ಲಿ ಹೇಳಿದ ಒಂದು ಶಬ್ದದ ಸುಳ್ಳಿಗೆ ಬೆಲೆ ತೆತ್ತವಳು ಯಾರು? ಇವನ ಜೊತೆ ಅರ್ಜಿ ಹಾಕಿ ಕೆಲಸ ಸಿಗದೆ ಹೋದವನು ಮಾತ್ರವೇ ಅಲ್ಲ. ಅರ್ಜಿ, ಸಂದರ್ಶನ ಯಾವುದನ್ನೂ ಕಾಣದ ಆ ತಾಯಿ. ಅರ್ಹರಲ್ಲದವರಿಗೆ ಹೊಣೆ ವಹಿಸುವುದನ್ನು ಅಮಾನತ್ತಿನ ನಾಶವೆಂದು ಪ್ರವಾದಿ(ಸ) ಎಚ್ಚರಿಸಿದ್ದು ನೇಮಿಸುವವರಿಗೆ ಮಾತ್ರ ಅನ್ವಯಿಸುತ್ತದೆಯೆಂದು ಸಮಾಧಾನಪಡಬೇಡಿ. ನೇಮಿಸುವವರ ಕಣ್ಣಿಗೆ ಮಣ್ಣೆರಚಿದವನಿಗೂ ಅದರಲ್ಲಿ ಪಾಲಿದೆ.

ಶಿಫಾರಸಿನ ಬಗ್ಗೆಯೂ ಕೇಳುವವರಿದ್ದಾರೆ. ಒಳ್ಳೆಯ ಶಿಫಾರಸು ಮಾಡಿದವನಿಗೂ ಕೆಟ್ಟದ್ದನ್ನು ಮಾಡಿದವನಿಗೂ ಅವರವರ ಪಾಲು ಇದೆಯೆಂದು ಅನ್ನಿಸಾ ಅಧ್ಯಾಯ ತಿಳಿಸುತ್ತದೆ. ಅಧ್ಯಾಪಕರಾದ ನಾವು ಕೊಡುವ ಪತ್ರ ಒಂದು ಸಾಕ್ಷ್ಯ. ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬಿಡಬೇಕು. ಊರಿನವನು, ಜಮಾಅತಿನವನು, ಬಂಧುವಿನ ಮಗ ಎಂದು ಬರೆದುಕೊಟ್ಟರೆ ಅದು ಸುಳ್ಳು ಸಾಕ್ಷ್ಯವಲ್ಲದೆ ಇನ್ನೇನು? ಹಣದ ಮಾತು ಬಂದರಂತೂ ಅಲ್ಲಿಗೇ ನಿಲ್ಲಿಸಿ. ಗಲ್ಫ್ ವೀಸಾಕ್ಕೆ ಏಜೆಂಟರಿಗೆ ಸುರಿದು ರೂಢಿಯಾದ ನಮ್ಮ ಕರಾವಳಿಯ ಮನೆಗಳವರು ಇದನ್ನು ತಿಳಿದಿರಬೇಕು. ವಿಶ್ವಸಂಸ್ಥೆಯ ವಿಭಾಗಗಳು ನೇಮಕದ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ಕೇಳುವವನು ಮೋಸಗಾರ.

ಬಡವರ ಹೆಸರಿನ ಹಣದಿಂದ ದೊಡ್ಡ ಸಂಬಳ ಪಡೆಯಬಹುದೇ? ಈ ಸಂಶಯ ಕೆಲವರನ್ನು ಕಾಡುತ್ತದೆ. ಝಕಾತಿನ ಎಂಟು ಪಾಲುದಾರರಲ್ಲಿ ಅದನ್ನು ವಸೂಲು ಮಾಡುವವರನ್ನೂ ಅಲ್ಲಾಹನೇ ಸೇರಿಸಿದ್ದಾನೆ. ಕೂಲಿ ಬೇಡವೆಂದ ಒಬ್ಬರನ್ನು ಹ. ಉಮರ್(ರ) ತಡೆದು, ತಾನೂ ಹಿಂದೆ ಹಾಗೆಯೇ ಮಾಡಿದ್ದಾಗಿಯೂ, ಪಡೆದುಕೊಂಡು ಬೇಕಾದರೆ ದಾನ ಮಾಡೆಂದು ಪ್ರವಾದಿ(ಸ) ಹೇಳಿದ್ದಾಗಿಯೂ ತಿಳಿಸಿದರು. ಸಂಬಳ ಸರಿ. ಸಂಬಳದ ಆಚೆಗಿನ 'ಕಾಣಿಕೆ'ಯದ್ದೇ ಪ್ರಶ್ನೆ. ಝಕಾತ್ ವಸೂಲಿಗೆ ಹೋದವರೊಬ್ಬರು ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ ಎಂದು ಬೇರ್ಪಡಿಸಿದಾಗ, ತಂದೆತಾಯಿಯ ಮನೆಯಲ್ಲಿ ಕುಳಿತಿದ್ದರೆ ಅದು ಬರುತ್ತಿತ್ತೇ ಎಂದು ಪ್ರವಾದಿ(ಸ) ಕೇಳಿದ್ದನ್ನು ನೆನಪಿಡಿ. ಬಡ್ಡಿ ಸಾಲ ಕೊಡುವ ಬ್ಯಾಂಕುಗಳಲ್ಲಿ ಲೆಕ್ಕ ಬರೆಯುವ ಕೆಲಸದ ವಿಧಿಯನ್ನು ಉಲಮಾಗಳಲ್ಲಿ ಕೇಳಿ ತಿಳಿಯಿರಿ, ಅದು ಬೇರೆಯೇ ವಿಷಯ.

ಕೊನೆಗೆ, ಸಿಗದೆ ಹೋದವರ ಬಗ್ಗೆ ಒಂದು ಮಾತು. ಈ ಕ್ಷೇತ್ರದಲ್ಲಿ ಕೆಲಸಗಳು ಕಡಿಮೆಯಾಗಿವೆ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ಕ್ಕೆ ತನ್ನ ಕಾರ್ಯವನ್ನೇ ನಿಲ್ಲಿಸಿತು. ಅದರ ಹಣವನ್ನು ನಂಬಿದ್ದ ಎಷ್ಟೋ ಸಂಸ್ಥೆಗಳು ನುರಿತವರನ್ನೇ ಮನೆಗೆ ಕಳುಹಿಸಿದವು. ಹೊಸಬನಿಗೆ 'ಇಲ್ಲ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಹ. ಅಬೂ ದರ್‌ರ್(ರ) ಅವರೂ ತಮ್ಮನ್ನು ಅಧಿಕಾರಿಯಾಗಿ ನೇಮಿಸಬಾರದೇ ಎಂದು ಕೇಳಿದ್ದರು. ಪ್ರವಾದಿ(ಸ) ಅವರ ಹೆಗಲ ಮೇಲೆ ಕೈಯಿಟ್ಟು, ನೀವು ದುರ್ಬಲರು, ಇದೋ ಅಮಾನತ್ತು ಎಂದು ನೇರವಾಗಿ ತಿಳಿಸಿದರು. ಸತ್ಯ ನುಡಿಯುವುದರಲ್ಲಿ ಅವರನ್ನು ಮೀರಿದವರಿಲ್ಲವೆಂದು ಹೊಗಳಿದವರೂ ಅದೇ ಪ್ರವಾದಿ(ಸ).