ಕರೆಯುವ ಹೆಸರು, ತಿಳಿಯುವ ಹೆಸರು

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದು, ನವುಲೆಯ ಇಂಜಿನಿಯರಿಂಗ್ ಕಾಲೇಜು ದಾಟಿ ಮುಂದೆ ಹೋದರೆ ಸವಳಂಗದಿಂದ ಶಿಕಾರಿಪುರದ ದಾರಿ ಸಿಗುತ್ತದೆ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಆ ತಾಲ್ಲೂಕಿನವೇ. ಹನ್ನೆರಡನೆಯ ಶತಮಾನದ ಈ ಇಬ್ಬರು ವಚನಕಾರರು ಇಂಗ್ಲಿಷಿಗೆ ಅನುವಾದಿಸುವವರನ್ನು ಇಂದಿಗೂ ಸತಾಯಿಸುತ್ತಿದ್ದಾರೆ.

ಮೈಸೂರಿನಲ್ಲಿ ಹುಟ್ಟಿ ಷಿಕಾಗೊದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಹೊರತಂದರು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕ, ಅಲ್ಲಮ ಈ ನಾಲ್ವರ ವಚನಗಳನ್ನು ಜಗತ್ತಿನ ಬಹುಪಾಲು ಓದುಗರು ಕಂಡದ್ದು ಈ ಪುಸ್ತಕದಲ್ಲೇ. ತೊಡಕಿದ್ದದ್ದು ಅಂಕಿತಗಳಲ್ಲಿ, ಅಂದರೆ ವಚನಕಾರರು ವಚನದಲ್ಲಿ ಕರೆಯುವ ತಮ್ಮ ದೇವರ ಹೆಸರುಗಳಲ್ಲಿ. ದೇವರ ಹೆಸರಿಗೆ ಅರ್ಥ ಮುಖ್ಯವೋ, ಕೂಗು ಮುಖ್ಯವೋ?

ರಾಮಾನುಜನ್ ಅರ್ಥದ ಕಡೆ ವಾಲಿದರು. ಮಲ್ಲಿಕೆಯೆಂದರೆ ಮಲ್ಲಿಗೆ, ಅರ್ಜುನವೆಂದರೆ ಬಿಳುಪು. ಹಾಗಾಗಿ ಅಕ್ಕನ ಅಂಕಿತವಾದ ಶ್ರೀಶೈಲದ ಚೆನ್ನಮಲ್ಲಿಕಾರ್ಜುನ ಇಂಗ್ಲಿಷಿನಲ್ಲಿ 'ಲಾರ್ಡ್ ವೈಟ್ ಆ್ಯಸ್ ಜಾಸ್ಮಿನ್' ಆದ. ಅಲ್ಲಮನ ಗುಹೇಶ್ವರ 'ಲಾರ್ಡ್ ಆಫ್ ಕೇವ್ಸ್' ಆದ. ಆದರೆ ದಾಸಿಮಯ್ಯನ ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದ!

ಅಕ್ಕನ ಮಟ್ಟಿಗೆ ಈ ಆಯ್ಕೆ ಫಲಿಸಿದೆ ಎನ್ನಬೇಕು. ಆಕೆಗೆ ದೇವರು ಗಂಡ. ಅವನ ಚೆಲುವೇ ಹಂಬಲದ ಬೇರು. ಹೆಸರು ಬಿಡಿಸಿಟ್ಟಾಗ ಆ ಚೆಲುವು ಪರಭಾಷೆಯವರಿಗೂ ಕಾಣುತ್ತದೆ. ಅಲ್ಲಮನ ಕಥೆ ಬೇರೆ. ರೂಪ, ಕುರುಹು ಎಲ್ಲವನ್ನೂ ಅಳಿಸುತ್ತ ಹೋಗುವವನ ದೇವರಿಗೆ ಗವಿಯ ಚಿತ್ರ ಕೊಟ್ಟರೆ, ಅವನು ಒರೆಸಿದ್ದನ್ನೇ ಮತ್ತೆ ಬರೆದಂತೆ. ವಿಮರ್ಶಕಿ ತೇಜಸ್ವಿನಿ ನಿರಂಜನ 1992ರ 'ಸೈಟಿಂಗ್ ಟ್ರಾನ್ಸ್‌ಲೇಶನ್'ನಲ್ಲಿ ರಾಮಾನುಜನ್ ಅನುವಾದವನ್ನು ತರಾಟೆಗೆ ತೆಗೆದುಕೊಂಡರು. ತಮ್ಮ ಅನುವಾದದಲ್ಲಿ ಗುಹೇಶ್ವರನನ್ನು ಹಾಗೆಯೇ ಬಿಟ್ಟರು. ಈ ಜಗಳದಲ್ಲಿ ಗೆಲುವು ಅವರದೇ.

ಅಲ್ಲಮನ ವಚನಗಳಲ್ಲಿ ಬರುವ 'ಬಯಲು' ಎಂಬ ಮಾತು ಇನ್ನೂ ಕಷ್ಟದ್ದು. ಇಂಗ್ಲಿಷಿನ 'ವಾಯ್ಡ್', 'ಎಂಪ್ಟಿನೆಸ್' ಕೇಳಿದರೆ ಏನೋ ಕಳೆದುಹೋದ ಭಾವ. ಕನ್ನಡದ ಬಯಲಿನಲ್ಲಿ ಕಳೆದುಕೊಂಡದ್ದೇನಿದೆ? ಅಲ್ಲಿ ದನ ಮೇಯುತ್ತವೆ, ಆಟ ನಡೆಯುತ್ತದೆ. ಮುಚ್ಚಿಟ್ಟ ಗುಟ್ಟೂ ಒಂದು ದಿನ ಬಯಲಿಗೆ ಬರುತ್ತದೆ. ಮಲೆನಾಡಿನ ಸೆರಗಿನಿಂದ ಬಯಲುಸೀಮೆಯತ್ತ ಸಾಗುವ ಸವಳಂಗ ರಸ್ತೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಓಪನ್' ಎಂಬ ಸಾದಾ ಪದ ಇದಕ್ಕೆ ಹತ್ತಿರ. ತತ್ತ್ವಶಾಸ್ತ್ರದವರಿಗೆ ಅದು ತೀರ ಬಡವಾಗಿ ಕಂಡೀತು, ಅಷ್ಟೆ.

ಇದೇ ರಾಮಾನುಜನ್ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದರು. ದೇವರ ಹೆಸರನ್ನೇ ಬಿಡಿಸಿದವರು ಅಲ್ಲಿ ಶೀರ್ಷಿಕೆಯನ್ನು ಮುಟ್ಟಲಿಲ್ಲ. 'ಸಂಸ್ಕಾರ' ಸಂಸ್ಕಾರವಾಗಿಯೇ ಉಳಿಯಿತು. ಅದಕ್ಕಿರುವ ಹತ್ತಾರು ಅರ್ಥಗಳನ್ನು ಕಿಟೆಲ್ ನಿಘಂಟಿನಿಂದ ಎತ್ತಿ ಪುಸ್ತಕದ ಮೊದಲಿಗೇ ಅಚ್ಚು ಹಾಕಿಸಿದರು.